ಸಮೀರ್ ಆ್ಯಪ್ ಮತ್ತು ನಕ್ಷತ್ರ ಶ್ರೇಯಾಂಕ: ಚೆಂಬೂರಿನ ಮನೆಯಿಂದ ಒಂದು ವಿಮರ್ಶೆ

ನಾನು ಮುಂಬಯಿಯ ಚೆಂಬೂರಿನಲ್ಲಿ ನೆಲೆಸಿ ಮೂವತ್ತೊಂದು ವರ್ಷಗಳಾದವು. ಬಣ್ಣ ತಯಾರಿಸುವ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ದುಡಿದು ನಿವೃತ್ತನಾದವನಾದ್ದರಿಂದ ದ್ರಾವಕಗಳ ವಾಸನೆ ನನಗೆ ಹೊಸದಲ್ಲ. ಆದರೆ ಪ್ರಯೋಗಾಲಯದಲ್ಲಿ ಸೀಸೆಯ ಮೇಲೆ ಹೆಸರಿನ ಚೀಟಿ ಇರುತ್ತಿತ್ತು. ಮನೆಯ ಕಿಟಕಿಯಿಂದ ಒಳಬರುವ ಗಾಳಿಗೆ ಅಂತಹ ಚೀಟಿ ಇಲ್ಲ. ಆ ಚೀಟಿಯನ್ನು ಹುಡುಕುತ್ತ ಎರಡು ವರ್ಷಗಳಿಂದ ನಾನು ಬಳಸುತ್ತಿರುವುದು ಗಾಳಿಯ ಗುಣಮಟ್ಟ ತೋರಿಸುವ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮೀರ್ ಆ್ಯಪ್, ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿ ಕಾರ್ಖಾನೆಗಳಿಗೆ ಕೊಡುವ ನಕ್ಷತ್ರ ಶ್ರೇಯಾಂಕ ಮತ್ತು ಗಾಳಿಯನ್ನು ಅಳೆಯಲು ಅಂಗಡಿಯಲ್ಲಿ ಕೊಂಡ ಒಂದು ಪುಟ್ಟ ಮಾಪಕ. ಈ ರಾಜ್ಯದಲ್ಲಿ ಯಾವ ಕಾರ್ಖಾನೆ ಯಾವ ವಿಷವನ್ನು ಎಷ್ಟು ಹೊರಬಿಡುತ್ತಿದೆ, ಅದು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ನನ್ನ ಪ್ರಶ್ನೆ. ಮೂರನ್ನೂ ಆ ಪ್ರಶ್ನೆಯ ಎದುರಿಗಿಟ್ಟೇ ನೋಡಿದ್ದೇನೆ.

ಸಮೀರ್ ಉಚಿತ, ಬಳಸಲು ಸರಳ, ಗಂಟೆಗೊಮ್ಮೆ ಹೊಸ ಅಂಕಿ ತೋರಿಸುತ್ತದೆ. ಸಯನ್, ಕುರ್ಲಾದಂತಹ ಮಾಪನ ಕೇಂದ್ರಗಳನ್ನು ನಕ್ಷೆಯಲ್ಲಿ ಒತ್ತಿದರೆ ಅಲ್ಲಿನ ವಾಯು ಗುಣಮಟ್ಟ ಸೂಚ್ಯಂಕ ಕಾಣಿಸುತ್ತದೆ. 2015ರ ಏಪ್ರಿಲ್‌ನಲ್ಲಿ ದೇಶಕ್ಕೆಲ್ಲ ಜಾರಿಗೆ ಬಂದ ಈ ಸೂಚ್ಯಂಕದಲ್ಲಿ ಪಿಎಂ 10, ಪಿಎಂ 2.5 ಎಂಬ ಎರಡು ಗಾತ್ರದ ದೂಳಿನ ಕಣಗಳು, ಸಾರಜನಕದ ಡೈಆಕ್ಸೈಡ್, ಗಂಧಕದ ಡೈಆಕ್ಸೈಡ್, ಕಾರ್ಬನ್ ಮೊನಾಕ್ಸೈಡ್, ಓಝೋನ್, ಅಮೋನಿಯಾ, ಸೀಸ ಎಂಬ ಎಂಟು ಮಾಲಿನ್ಯಕಾರಕಗಳಿವೆ. ಪ್ರತಿಯೊಂದಕ್ಕೂ ಉಪಸೂಚ್ಯಂಕ ಕಟ್ಟಿ, ಅವುಗಳಲ್ಲಿ ಅತಿ ಹೆಚ್ಚಿನದನ್ನೇ ಒಟ್ಟು ಅಂಕಿಯೆಂದು ತೋರಿಸಲಾಗುತ್ತದೆ. ಮುಂಬಯಿಯಲ್ಲಿ ಆ ಸ್ಥಾನಕ್ಕೆ ಬರುವುದು ಬಹುಮಟ್ಟಿಗೆ ದೂಳಿನ ಕಣಗಳೇ. ಡಿಸೆಂಬರ್, ಜನವರಿಗಳಲ್ಲಿ ಗಾಳಿ ನಿಂತು, ಕಟ್ಟಡ ಕಾಮಗಾರಿಯ ದೂಳೂ ವಾಹನಗಳ ಹೊಗೆಯೂ ಕೆಳಗೇ ಉಳಿಯುವ ದಿನಗಳಲ್ಲಿ ಈ ಅಂಕಿ ನಿಜವಾಗಿಯೂ ಉಪಯುಕ್ತ. ನಮ್ಮ ಕಟ್ಟಡದ ಸರೋಜಕ್ಕ ತನ್ನ ಮೊಮ್ಮಗನನ್ನು ಸಂಜೆ ಆಟಕ್ಕೆ ಬಿಡುವ ಮುನ್ನ ನನಗೆ ಫೋನ್ ಮಾಡಿ, "ಅಣ್ಣ, ಇವತ್ತು ಎಷ್ಟಿದೆ ನೋಡಿ" ಎಂದು ಕೇಳುತ್ತಾರೆ. ಹುಡುಗನಿಗೆ ಉಬ್ಬಸವಿದೆ. 200 ದಾಟಿದರೆ ಸೂಚ್ಯಂಕದ ಭಾಷೆಯಲ್ಲಿ ಅದು 'ಕಳಪೆ'. ಆ ದಿನ ಹುಡುಗ ಮನೆಯೊಳಗೇ ಕೇರಂ ಆಡುತ್ತಾನೆ. ಇಷ್ಟು ಕೆಲಸಕ್ಕೆ ಸಮೀರ್ ಸಾಕು, ಚೆನ್ನಾಗಿಯೇ ಇದೆ.

ಸೂಚ್ಯಂಕ ಎಲ್ಲಿ ನಿಲ್ಲುತ್ತದೆ ಎಂಬುದು ನನಗೆ ಗೊತ್ತಾದದ್ದು ಒಂದು ಗೌರಿ ಹಬ್ಬದ ಹಿಂದಿನ ರಾತ್ರಿ. ಸಂಜೆಯವರೆಗೂ ಮಳೆ ಸುರಿದು ಬಿಟ್ಟಿತ್ತು. ಹನ್ನೊಂದು ಗಂಟೆಯ ಹೊತ್ತಿಗೆ, ಮರುದಿನದ ಪೂಜೆಗೆ ತಂದ ಹೂವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡುತ್ತಿದ್ದ ನನ್ನ ಹೆಂಡತಿ ಮೂಗಿಗೆ ಸೆರಗು ಹಿಡಿದು ಅಡುಗೆಮನೆಯಿಂದ ಹೊರಬಂದಳು. ಗ್ಯಾಸ್ ಸೋರುತ್ತಿದೆಯೆಂದು ಮೊದಲು ಸಿಲಿಂಡರಿನ ರೆಗ್ಯುಲೇಟರ್ ಮುಚ್ಚಿದೆವು. ಆಮೇಲೆ ನೋಡಿದರೆ ವಾಸನೆ ಹೊರಗಿನದು: ಕೊಳೆತ ಎಲೆಕೋಸಿನಂತಹ ನಾತದ ಅಡಿಯಲ್ಲಿ ಸೀಮೆಎಣ್ಣೆಯ ಎಳೆಯೊಂದು. ಕಣ್ಣು ಉರಿಯತೊಡಗಿತು. ಇಡೀ ಕಟ್ಟಡದಲ್ಲಿ ಒಂದೊಂದಾಗಿ ಕಿಟಕಿಗಳು ಮುಚ್ಚಿಕೊಳ್ಳುವ ಸದ್ದು ಕೇಳಿಸಿತು. ಫೋನ್ ತೆರೆದರೆ ಸೂಚ್ಯಂಕ ಹಸಿರು ಬಣ್ಣದಲ್ಲಿ 'ಸಮಾಧಾನಕರ' ಎನ್ನುತ್ತಿತ್ತು.

ಆ ಅಂಕಿ ಸುಳ್ಳಾಗಿರಲಿಲ್ಲ ಎಂಬುದನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ಮಳೆ ದೂಳನ್ನು ತೊಳೆದಿತ್ತು, ಅಂಕಿ ದೂಳಿನದಾಗಿತ್ತು. ನಮ್ಮ ಕಣ್ಣು ಉರಿಸಿದ ವಸ್ತು ಆ ಎಂಟರ ಪಟ್ಟಿಯಲ್ಲಿ ಇಲ್ಲದಿದ್ದರೆ ಅದು ಎಷ್ಟೇ ಹೆಚ್ಚಿದರೂ ಸೂಚ್ಯಂಕ ಅಲುಗುವುದಿಲ್ಲ. ಪಟ್ಟಿಯಲ್ಲಿದ್ದರೂ ಇನ್ನೊಂದು ತೊಡಕಿದೆ: ಓಝೋನ್ ಮತ್ತು ಕಾರ್ಬನ್ ಮೊನಾಕ್ಸೈಡ್‌ಗಳನ್ನು ಬಿಟ್ಟರೆ ಉಳಿದವುಗಳನ್ನು 24 ಗಂಟೆಗಳ ಸರಾಸರಿಯಿಂದ ಲೆಕ್ಕ ಹಾಕಲಾಗುತ್ತದೆ. ಗಂಧಕದ ಡೈಆಕ್ಸೈಡ್ 2 ಗಂಟೆಗಳ ಕಾಲ ಘನ ಮೀಟರಿಗೆ 300 ಮೈಕ್ರೋಗ್ರಾಂ ಇದ್ದು, ಉಳಿದ 22 ಗಂಟೆ 20ರಲ್ಲೇ ಇದ್ದರೆ ದಿನದ ಸರಾಸರಿ 43 ಆಗುತ್ತದೆ. ದಿನದ ಮಾನದಂಡ 80. ಕಾಗದದ ಮೇಲೆ ಆ ದಿನ ಏನೂ ನಡೆದಿಲ್ಲ. ಆ 2 ಗಂಟೆ ಉಸಿರಾಡಿದವರ ಗಂಟಲಿಗೆ ಮಾತ್ರ ನಡೆದಿದೆ.

ನಮ್ಮದೇ ದೇಶದ 2009ರ ವಾಯು ಗುಣಮಟ್ಟ ಮಾನದಂಡಗಳಲ್ಲಿ ಎಂಟಲ್ಲ, ಹನ್ನೆರಡು ಮಾಲಿನ್ಯಕಾರಕಗಳಿವೆ. ಸೂಚ್ಯಂಕಕ್ಕೆ ಸೇರದ ನಾಲ್ಕು ಯಾವುವೆಂದರೆ ಬೆಂಜೀನ್, ಬೆಂಜೋಪೈರೀನ್, ಆರ್ಸೆನಿಕ್ ಮತ್ತು ನಿಕ್ಕಲ್. ಕಾರ್ಖಾನೆಗಳ ಪಕ್ಕ ಬದುಕುವವರಿಗೆ ಮುಖ್ಯವಾಗಿ ಬೇಕಾದವೇ ಇವು. ಬೆಂಜೀನ್ ರಕ್ತದ ಕ್ಯಾನ್ಸರಿಗೆ ಕಾರಣವೆಂಬುದು ಸಿದ್ಧವಾದ ವಿಷಯ. ಅದರ ವಾರ್ಷಿಕ ಮಾನದಂಡ ಘನ ಮೀಟರಿಗೆ 5 ಮೈಕ್ರೋಗ್ರಾಂ. ಮೂಗನ್ನು ನಂಬೋಣವೆಂದರೆ, ಬೆಂಜೀನಿನ ಸಿಹಿ ವಾಸನೆ ಮನುಷ್ಯನಿಗೆ ಗೊತ್ತಾಗುವ ಹೊತ್ತಿಗೆ ಅದರ ಪ್ರಮಾಣ ಈ ಮಿತಿಯ ಸುಮಾರು ಸಾವಿರ ಪಟ್ಟು ಆಗಿರುತ್ತದೆ. ಗಂಧಕಯುಕ್ತ ಮರ್ಕ್ಯಾಪ್ಟಾನುಗಳದ್ದು ಇದಕ್ಕೆ ತದ್ವಿರುದ್ಧ: ಕೋಟಿಗೆ ಒಂದಂಶವಿದ್ದರೂ ನಾತ ಬಡಿಯುತ್ತದೆ, ಅಡುಗೆ ಅನಿಲಕ್ಕೆ ಬೆರೆಸುವುದೂ ಆ ಗುಣಕ್ಕಾಗಿಯೇ. ಹೀಗಾಗಿ ನಾತ ಬಂದ ರಾತ್ರಿ ಅಪಾಯ ಕಡಿಮೆಯಿದ್ದು, ಏನೂ ವಾಸನೆಯಿಲ್ಲದ ಮಧ್ಯಾಹ್ನ ಹೆಚ್ಚಿರಬಹುದು. ಇದನ್ನು ಹೇಳಬಲ್ಲದ್ದು ಅಳತೆ ಮಾತ್ರ. ಆ ಅಳತೆ ಪೂರ್ತಿ ಇಲ್ಲವೆಂದಲ್ಲ. ಕೇಂದ್ರ ಮಂಡಳಿಯ ಜಾಲತಾಣದಲ್ಲಿ ರಾಜ್ಯ, ನಗರ, ಮಾಪನ ಕೇಂದ್ರ ಎಂದು ಆರಿಸುತ್ತ ಹೋದರೆ ಹಲವು ಕೇಂದ್ರಗಳ ಬೆಂಜೀನ್ ಮತ್ತು ಟೊಲುಯೀನ್ ಎಂಬ ದ್ರಾವಕದ ಅಂಕಿಗಳೂ ಸಿಗುತ್ತವೆ, ಎಕ್ಸೆಲ್ ಹಾಳೆಯಾಗಿ ಇಳಿಸಿಕೊಳ್ಳಲೂಬಹುದು. ಪ್ರಯೋಗಾಲಯದಲ್ಲಿ ಜೀವಮಾನ ಕಳೆದ ನನಗೆ ಅದು ಕಷ್ಟವಲ್ಲ. ಆದರೆ ಸರೋಜಕ್ಕನ ಫೋನಿನ ಮೊದಲ ಪರದೆಗೆ ಅದು ಬರಬೇಕು. ಸಮೀರ್‌ನಲ್ಲಿ ಒಂದೇ ಒಂದು ಬದಲಾವಣೆಯನ್ನು ಬೇಡುವುದಾದರೆ ನಾನು ಬೇಡುವುದು ಇದನ್ನೇ.

ಇದು ಊಹೆಯ ಭಯವಲ್ಲ. ಚೆಂಬೂರಿನ ಪಕ್ಕದ ಮಾಹುಲ್ ಮತ್ತು ಅಂಬಾಪಾಡಾದ ಜನ ತೈಲ ಶುದ್ಧೀಕರಣ ಹಾಗೂ ರಾಸಾಯನಿಕ ಸಂಗ್ರಹದ ಟ್ಯಾಂಕುಗಳಿಂದ ಹೊರಬೀಳುವ ಆವಿಯ ವಿರುದ್ಧ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋದರು. 2020ರ ಆಗಸ್ಟ್‌ನಲ್ಲಿ ನ್ಯಾಯಮಂಡಳಿ ನಾಲ್ಕು ಕಂಪನಿಗಳು ಸೇರಿ ಸುಮಾರು 286 ಕೋಟಿ ರೂಪಾಯಿ ಪರಿಹಾರ ಕಟ್ಟಬೇಕೆಂದು ಆದೇಶಿಸಿತು. ಆ ಪ್ರಕರಣದ ಕೇಂದ್ರದಲ್ಲಿದ್ದದ್ದು ಆವಿಯಾಗಿ ಹಾರುವ ಸಾವಯವ ಸಂಯುಕ್ತಗಳು, ಎಂದರೆ ಸೂಚ್ಯಂಕ ಲೆಕ್ಕಕ್ಕೇ ತೆಗೆದುಕೊಳ್ಳದ ವಸ್ತುಗಳು.

ಎರಡನೆಯದು ನಕ್ಷತ್ರ ಶ್ರೇಯಾಂಕ. 2017ರ ಜೂನ್ 5ರಂದು ಮಹಾರಾಷ್ಟ್ರ ಮಂಡಳಿ ಇದನ್ನು ಆರಂಭಿಸಿದಾಗ ನನಗೆ ನಿಜಕ್ಕೂ ಸಂತೋಷವಾಗಿತ್ತು, ಈಗಲೂ ಆ ಗೌರವ ಉಳಿದಿದೆ. ಏಕೆಂದರೆ ಇದು ಊರಿನ ಗಾಳಿಯನ್ನಲ್ಲ, ಕಾರ್ಖಾನೆಯನ್ನೇ ಹೆಸರು ಹಿಡಿದು ತೋರಿಸುತ್ತದೆ. ಚಿಮಣಿಯಿಂದ ತೆಗೆದ ಮಾದರಿಗಳಲ್ಲಿ ದೂಳಿನ ಕಣ ಎಷ್ಟಿದೆ ಎಂಬುದರ ಮೇಲೆ ಒಂದರಿಂದ ಐದು ನಕ್ಷತ್ರ ಕೊಡುತ್ತಾರೆ. ಐದು ಬಂದರೆ ಉತ್ತಮ. ಪರೀಕ್ಷೆಯ ವರದಿ ಕಡತದಲ್ಲೇ ಮುಗಿದುಹೋಗುತ್ತಿದ್ದ ಕಾಲವನ್ನು ಒಳಗಿನಿಂದ ಕಂಡವನು ನಾನು. ಆ ಫಲಿತಾಂಶ ಸಾರ್ವಜನಿಕರ ಮುಂದೆ ಬರುವುದು ಸಣ್ಣ ಮಾತಲ್ಲ.

ಆದರೆ ನಕ್ಷತ್ರಗಳನ್ನು ಓದುವಾಗ ಎರಡು ಎಚ್ಚರ ಬೇಕು. ಮೊದಲನೆಯದು, ಇವು ದೂಳಿಗೆ ಮಾತ್ರ ಸಿಕ್ಕ ನಕ್ಷತ್ರಗಳು. ಐದು ನಕ್ಷತ್ರದ ಕಾರ್ಖಾನೆಯ ತ್ಯಾಜ್ಯ ನೀರಿನ ಬಗ್ಗೆಯಾಗಲಿ ದ್ರಾವಕದ ಆವಿಯ ಬಗ್ಗೆಯಾಗಲಿ ಅವು ಏನನ್ನೂ ಹೇಳುವುದಿಲ್ಲ. ಎರಡನೆಯದು, ಅಳೆಯುವುದು ಹೊಗೆಯ ದಟ್ಟಣೆಯನ್ನು, ಹೊರಬಿದ್ದ ಒಟ್ಟು ತೂಕವನ್ನಲ್ಲ. ಒಂದು ಚಿಕ್ಕ ಕಾರ್ಖಾನೆಯ ಚಿಮಣಿ ಗಂಟೆಗೆ 10,000 ಘನ ಮೀಟರ್ ಹೊಗೆ ಬಿಡುತ್ತದೆ, ಅದರಲ್ಲಿ ಘನ ಮೀಟರಿಗೆ 100 ಮಿಲಿಗ್ರಾಂ ದೂಳಿದೆ ಎಂದುಕೊಳ್ಳಿ. ಗಂಟೆಗೆ 1 ಕಿಲೋ ದೂಳಾಯಿತು. ದೊಡ್ಡ ಕಾರ್ಖಾನೆಯೊಂದು 60 ಮಿಲಿಗ್ರಾಂ ಮಾತ್ರ ಇರುವ ಹೊಗೆಯನ್ನು ಗಂಟೆಗೆ 1,00,000 ಘನ ಮೀಟರ್ ಬಿಟ್ಟರೆ 6 ಕಿಲೋ ಆಯಿತು. ದಟ್ಟಣೆಯ ಲೆಕ್ಕದಲ್ಲಿ ದೊಡ್ಡದು ಮೇಲು, ಪಕ್ಕದ ಚಾಳಿನ ಮಕ್ಕಳ ಶ್ವಾಸಕೋಶದ ಲೆಕ್ಕದಲ್ಲಿ ಅದು ಆರು ಪಟ್ಟು ಹೆಚ್ಚಿನ ಹೊರೆ. ದಟ್ಟಣೆಯ ಪಕ್ಕದಲ್ಲಿ ವರ್ಷಕ್ಕೆ ಇಷ್ಟು ಟನ್ ಎಂಬ ಒಂದು ಕಾಲಂ ಸೇರಿಸಿದರೆ ಈ ಶ್ರೇಯಾಂಕದ ಬೆಲೆ ಇಮ್ಮಡಿಯಾಗುತ್ತದೆ.

ಇನ್ನು ಇಡೀ ರಾಜ್ಯದ ಏರಿಳಿತ. ಇದಕ್ಕೆ ಸಿಗುವುದು ಕೇಂದ್ರ ಮಂಡಳಿಯ ಸಮಗ್ರ ಪರಿಸರ ಮಾಲಿನ್ಯ ಸೂಚ್ಯಂಕ. 2009ರಲ್ಲಿ ದೇಶದ 88 ಕೈಗಾರಿಕಾ ಪ್ರದೇಶಗಳನ್ನು ಗಾಳಿ, ನೀರು, ನೆಲ ಮೂರೂ ಸೇರಿಸಿ ಅಳೆದು, 70ಕ್ಕಿಂತ ಹೆಚ್ಚು ಬಂದ 43 ಪ್ರದೇಶಗಳನ್ನು 'ಅತಿ ಗಂಭೀರ' ಎಂದು ಗುರುತಿಸಿದರು. ಮಹಾರಾಷ್ಟ್ರದಿಂದ ಚಂದ್ರಪುರ, ಡೊಂಬಿವಲಿ, ಔರಂಗಾಬಾದ್, ನವಿ ಮುಂಬಯಿ, ತಾರಾಪುರ ಅದರಲ್ಲಿದ್ದವು. ತಾರಾಪುರಕ್ಕೆ ಆಗ 72.01 ಬಂದಿತ್ತು, 2018ರಲ್ಲಿ 93.69 ಬಂದು ಅದು ದೇಶದಲ್ಲೇ ಮೊದಲಾಯಿತು. ನಡುವೆ 2016ರಲ್ಲಿ ಲೆಕ್ಕದ ವಿಧಾನವನ್ನು ಬದಲಿಸಿದ್ದರಿಂದ ಒಂದರಿಂದ ಇನ್ನೊಂದನ್ನು ಕಳೆದು ಏರಿಕೆ ಇಷ್ಟೇ ಎಂದು ಹೇಳುವುದು ಸರಿಯಲ್ಲ. ಕೆಲವು ವರ್ಷಗಳಿಗೊಮ್ಮೆ ಬರುವ ಅಂಕಿ, ಅವೂ ಒಂದೇ ಅಳತೆಗೋಲಿನವಲ್ಲ ಎಂದಾಗ ಪ್ರವೃತ್ತಿಯ ಗೆರೆಯನ್ನು ಎಳೆಯುವುದಾದರೂ ಹೇಗೆ?

ನನ್ನ ತಂಗಿ ಡೊಂಬಿವಲಿಯಲ್ಲಿದ್ದಾಳೆ. 2014ರ ಜನವರಿಯಲ್ಲಿ ಅಲ್ಲಿ ಹಸಿರು ಮಳೆ ಬಿತ್ತು, 2020ರ ಫೆಬ್ರವರಿಯಲ್ಲಿ ಎಂಐಡಿಸಿ ಕೈಗಾರಿಕಾ ಪ್ರದೇಶದ ರಸ್ತೆಯೊಂದು ಗುಲಾಬಿ ಬಣ್ಣಕ್ಕೆ ತಿರುಗಿತು, ಮುಖ್ಯಮಂತ್ರಿಯೇ ಬಂದು ನೋಡಿದರು. ತಂಗಿ ಆ ದಿನ ಮನೆಗೆ ಬಂದು ಚಪ್ಪಲಿ ಕಳಚಿದಾಗ ಹೊಸಿಲಿನ ರಂಗೋಲಿಯ ಪಕ್ಕದಲ್ಲಿ ಅವಳ ಹೆಜ್ಜೆಯ ಅಚ್ಚು ತೆಳು ಗುಲಾಬಿಯಾಗಿ ಮೂಡಿತ್ತಂತೆ. ತಿಕ್ಕಿ ತೊಳೆದರೂ ಎರಡು ದಿನ ಹೋಗಲಿಲ್ಲವಂತೆ. ಬಣ್ಣದ ಕಾರ್ಖಾನೆಯಲ್ಲಿದ್ದ ನನಗೆ ಅದು ಎಂತಹ ಪುಡಿ ಎಂದು ಅವಳು ಕೇಳಿದಳು. ಬಣ್ಣ ನೋಡಿ ವಸ್ತುವನ್ನು ಹೇಳಲು ಬರುವುದಿಲ್ಲ, ಯಾವ ಘಟಕ ಏನನ್ನು ಎಷ್ಟು ಬಳಸುತ್ತದೆ ಎಂಬ ಪಟ್ಟಿ ಬೇಕು ಎಂದೆ.

ಅಂತಹ ಪಟ್ಟಿ ಅಸಾಧ್ಯವೇನಲ್ಲ. 1984ರ ಭೋಪಾಲ ದುರಂತದ ನಂತರ ಅಮೆರಿಕ 1986ರಲ್ಲಿ ಒಂದು ಕಾನೂನು ಮಾಡಿತು. ಅದರಂತೆ ಅಲ್ಲಿನ ಕಾರ್ಖಾನೆಗಳು ಪಟ್ಟಿಯಲ್ಲಿರುವ ವಿಷ ರಾಸಾಯನಿಕಗಳನ್ನು ಗಾಳಿಗೆ, ನೀರಿಗೆ, ನೆಲಕ್ಕೆ ಎಷ್ಟೆಷ್ಟು ತೂಕ ಬಿಟ್ಟೆವೆಂದು ಪ್ರತಿ ವರ್ಷ ಘೋಷಿಸಬೇಕು. ಯಾವ ನಾಗರಿಕನಾದರೂ ರಾಜ್ಯವಾರು, ವರ್ಷವಾರು ಅದನ್ನು ನೋಡಬಹುದು. ಸತ್ತವರು ನಮ್ಮವರು, ಆ ಸಾವಿನಿಂದ ಕಲಿತು ಪುಸ್ತಕ ತೆರೆದವರು ಅವರು. ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ. ನಮ್ಮಲ್ಲೂ 1986ರ ಪರಿಸರ ಸಂರಕ್ಷಣಾ ನಿಯಮಗಳ ಅಡಿಯಲ್ಲಿ 'ಫಾರ್ಮ್ 5' ಎಂಬ ಪರಿಸರ ವಿವರಣಾ ಪತ್ರ 1990ರ ದಶಕದ ಆರಂಭದಿಂದ ಇದೆ. ಬಳಸಿದ ನೀರು, ಕಚ್ಚಾವಸ್ತು, ಹೊರಬಿಟ್ಟ ಮಾಲಿನ್ಯ, ಅಪಾಯಕಾರಿ ತ್ಯಾಜ್ಯ ಇಷ್ಟನ್ನೂ ತುಂಬಿ ಸೆಪ್ಟೆಂಬರ್ 30ರೊಳಗೆ ರಾಜ್ಯ ಮಂಡಳಿಗೆ ಕೊಡಬೇಕೆಂಬುದು ಅದರ ನಿಯಮ. ನಾನೇ ಎಷ್ಟೋ ವರ್ಷ ಅದರ ಅಂಕಿಗಳನ್ನು ಕೂಡಿಸಿ ಕೊಟ್ಟಿದ್ದೇನೆ. ಆ ಹಾಳೆಗಳನ್ನು ಒಟ್ಟುಗೂಡಿಸಿ, ತಾಲ್ಲೂಕುವಾರು, ರಾಸಾಯನಿಕವಾರು ಜೋಡಿಸಿ, ಮರಾಠಿಯಲ್ಲೂ ಕನ್ನಡದಲ್ಲೂ ಓದಲು ಬರುವಂತೆ ಸಮೀರ್‌ನ ಪಕ್ಕದಲ್ಲೇ ಇಡುವ ಕೆಲಸವನ್ನು ಯಾರಾದರೂ ಮಾಡಬೇಕು.

ಅಂಗಡಿಯ ಮಾಪಕದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸುಮಾರು ಆರು ಸಾವಿರ ರೂಪಾಯಿ ಕೊಟ್ಟೆ. ಬೆಳಕು ಚದುರುವುದನ್ನು ನೋಡಿ ಕಣ ಎಣಿಸುವ ಉಪಕರಣವಾದ್ದರಿಂದ ಮಳೆಗಾಲದ ತೇವಕ್ಕೆ ಊದಿಕೊಂಡ ಕಣಗಳನ್ನೂ ಹೆಚ್ಚಾಗಿ ಲೆಕ್ಕ ಹಾಕುತ್ತದೆ. ಅದರ ಆವಿ ಸಂವೇದಕಕ್ಕೆ ಬೆಂಜೀನ್, ಊದುಬತ್ತಿ, ಸಾಸಿವೆ ಇಂಗಿನ ಒಗ್ಗರಣೆ ಎಲ್ಲವೂ ಒಂದೇ. ಸಾರಿಗೆ ಒಗ್ಗರಣೆ ಬಿದ್ದೊಡನೆ ಕೆಂಪಾಗಿ ಕೂಗುತ್ತದೆ. ಕೊಳ್ಳಬೇಡಿ. ಆ ಹಣಕ್ಕೆ ಉಬ್ಬಸವಿರುವವರ ಮನೆಗೆ ಎನ್-95 ಮುಖಗವಸು ತನ್ನಿ.

ಸಮೀರ್‌ಗೆ ಐದರಲ್ಲಿ ಮೂರು ಕೊಡುತ್ತೇನೆ, ಚಳಿಗಾಲದಲ್ಲಿ ನಾಲ್ಕು. ನಕ್ಷತ್ರ ಶ್ರೇಯಾಂಕಕ್ಕೆ ಮೂರೂವರೆ, ಕಾರ್ಖಾನೆಯ ಹೆಸರು ಹೇಳುವ ಧೈರ್ಯಕ್ಕಾಗಿ. ಎರಡನ್ನೂ ಬಳಸಿ. ಜೊತೆಗೆ ನಾನು ಈಗ ಮಾಡುತ್ತಿರುವಂತೆ, ವಾಸನೆ ಬಂದಾಗಲೆಲ್ಲ ದಿನಾಂಕ, ಹೊತ್ತು, ಗಾಳಿ ಬೀಸುವ ದಿಕ್ಕು, ಯಾರ ಕಣ್ಣು ಉರಿಯಿತು, ಯಾರಿಗೆ ಕೆಮ್ಮು ಬಂತು ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ದೂರು ಕೊಡುವಾಗ ಬರಿಯ ಮಾತಿಗಿಂತ ಇಂತಹ ಬರಹ ಗಟ್ಟಿ. ನಮ್ಮ ಕಟ್ಟಡದಲ್ಲಿ ಈಗ ಏಳು ಮನೆಯವರು ಬರೆಯುತ್ತಿದ್ದಾರೆ. ಸರೋಜಕ್ಕನ ಮನೆಯ ಪುಸ್ತಕವನ್ನು ಬರೆಯುವುದು ಆ ಮೊಮ್ಮಗನೇ, ಶಾಲೆಯಲ್ಲಿ ಕಲಿತ ದೇವನಾಗರಿಯಲ್ಲಿ, ಅಜ್ಜಿ ಕನ್ನಡದಲ್ಲಿ ಹೇಳಿದ್ದನ್ನು.