ಅಜ್ಜಿ ಟ್ರಂಕಲ್ಲಿ ಸಿಕ್ಕ ಹಳೇ ಬೆಳ್ಳಿ ಸಾಮಾನು ಏನು ಅಂತ ಗೊತ್ತಾಗೋ ಮುಂಚೆ ಅಂಗಡಿಗೆ ತಗೊಂಡು ಹೋಗ್ಬೇಡಿ

ಮನೇಲಿ ಹಳೇ ಬೆಳ್ಳಿ ಸಾಮಾನು ಇಟ್ಕೊಂಡು ಇದೇನಪ್ಪ ಅಂತ ತಲೆ ಕೆರ್ಕೊಳ್ತಾ ಇರೋರು ಪೂರ್ತಿ ಓದಿ. ಹದಿನೈದು ನಿಮಿಷದಲ್ಲಿ ನಾನು ಮಾಡ್ಕೊಂಡ ಎಡವಟ್ಟು ಇದು.

ನಮ್ಮಮ್ಮನ ತವರು ಹಲಸೂರು. ಅಜ್ಜಿ ಹೋಗಿ ವರ್ಷ ಆದ್ಮೇಲೆ ಅವರ ಟ್ರಂಕ್ ತೆಗ್ದಾಗ ಒಂದು ರವಿಕೆ ಕಣದಲ್ಲಿ ಸುತ್ತಿಟ್ಟಿದ್ದ ಪುಟ್ಟ ಬೆಳ್ಳಿ ಡಬ್ಬಿ ಸಿಕ್ತು, ಬೆಂಕಿಪೊಟ್ಟಣಕ್ಕಿಂತ ಚಿಕ್ಕದು, ಕಪ್ಪಾಗಿತ್ತು. ಮುಚ್ಚಳ ತೆಗೆದ್ರೆ ಒಳಗೆ ಇನ್ನೊಂದು ಮುಚ್ಚಳ, ಅದು ಪೂರ್ತಿ ತೂತು ತೂತು, ಹೂವಿನ ಬಳ್ಳಿ ತರ ಕೊರೆದಿರೋ ಜಾಲರಿ, ಅದಕ್ಕೂ ಕೂದಲೆಳೆಯಷ್ಟು ಸಣ್ಣ ಕೀಲು. ಒಳಗಡೆ ಎಲ್ಲಾ ಹಳದಿ ಬಣ್ಣ, ಚಿನ್ನದ ತರ.

ದೊಡ್ಡಮ್ಮ ಸುಣ್ಣದ ಡಬ್ಬಿ ಅಂದ್ರು. ಸುಣ್ಣಕ್ಕೆ ಜಾಲರಿ ಯಾಕೆ ಅಂದ್ರೆ ಉತ್ತರ ಇಲ್ಲ. ಮಾವ ನಶ್ಯದ ಡಬ್ಬಿ ಅಂದ್ರು. ಅಮ್ಮ ಮಾತ್ರ, ಅಜ್ಜಿ ಇದ್ರಲ್ಲಿ ಪಚ್ಚಕರ್ಪೂರ ಇಟ್ಕೊಂಡು ತಲೆನೋವು ಬಂದಾಗ ಮೂಸ್ತಾ ಇದ್ರು, ಅಜ್ಜಿಯ ಮಾವನೋರು ದಂಡಲ್ಲಿ, ಅಂದ್ರೆ ಬೆಂಗಳೂರಿನ ಕಂಟೋನ್ಮೆಂಟಲ್ಲಿ, ಯಾರೋ ಇಂಗ್ಲಿಷರ ಮನೇಲಿ ಲೆಕ್ಕ ಬರೀತಿದ್ರಂತೆ, ದೊರೆಸಾನಿ ಊರಿಗೆ ಹೋಗೋವಾಗ ಕೊಟ್ಟಿದ್ದಂತೆ ಅಂತ ಹೇಳ್ತಿದ್ರು. ಆಗ ನಾವು ಯಾರೂ ಆ ಮಾತಿಗೆ ಕಿವಿ ಕೊಡ್ಲಿಲ್ಲ ನೋಡಿ. ಇನ್ನು ನೆಂಟರಲ್ಲೊಬ್ರು, ಹೆಸರು ಬೇಡ, ಅಕ್ಕಿಕಾಳು ಹತ್ರ ಇಟ್ಟು ಎಳ್ಕೊಳುತ್ತಾ ನೋಡಿ, ನಂಗೊಬ್ಬ ಪಾರ್ಟಿ ಗೊತ್ತು ಅಂದ್ರು. ಅಕ್ಕಿ ಎಳ್ಕೊಳ್ಳೋ ಪಾತ್ರೆಗೆ ಭಾರಿ ಬೆಲೆ ಇದೆ ಅಂತ ನಂಬಿಸೋ ಮೋಸ ಅದು, ರೈಸ್ ಪುಲ್ಲಿಂಗ್ ಅಂತಾರೆ, ಅದ್ರಲ್ಲಿ ಎಷ್ಟು ಜನ ಲಕ್ಷ ಲಕ್ಷ ಕಳ್ಕೊಂಡಿದಾರೆ ಅಂತ ಪೇಪರಲ್ಲಿ ಬರ್ತಾನೇ ಇರುತ್ತೆ, ಆದ್ರೂ! ಅವರನ್ನ ಕಾಫಿ ಕೊಟ್ಟು ಕಳಿಸ್ದೆ.

ಅಲ್ಲಿ ಜಾಣತನ ತೋರ್ಸಿದವಳು ಮಾರನೇ ದಿನ ಅವೆನ್ಯೂ ರೋಡ್ ಪಕ್ಕದ ಒಂದು ಗಲ್ಲಿಗೆ ಹೋಗಿ ಬಿದ್ದೆ. ಯಾವ ಅಂಗಡಿ ಅಂತ ಹೇಳಲ್ಲ. "ಇದೇನು ಅಂತ ನೋಡಿ ಹೇಳಿ" ಅಂತಷ್ಟೇ ಕೇಳಿದ್ದು ನಾನು. ಆ ಮನುಷ್ಯ ಡಬ್ಬಿಯ ತಳವನ್ನ ಒರೆಗಲ್ಲಿಗೆ ಗಸಗಸ ಉಜ್ಜಿ, ಆಸಿಡ್ ಒಂದು ಹನಿ ಬಿಟ್ಟು, "ಅರವತ್ತು ಟಚ್ ಅಷ್ಟೇ ಮೇಡಂ" ಅಂದ, ಅಂದ್ರೆ ನೂರಕ್ಕೆ ಅರವತ್ತು ಭಾಗ ಮಾತ್ರ ಬೆಳ್ಳಿ ಅಂತ. ಆಮೇಲೆ "ಒಳಗೆ ಹಿತ್ತಾಳೆ ಹಾಕಿದಾರೆ, ತೂಕಕ್ಕೆ ಬರಲ್ಲ" ಅಂತ ನಾನು ಬಾಯಿ ತೆಗೆಯೋದ್ರೊಳಗೆ ಇಕ್ಕಳ ಹಾಕಿ ಜಾಲರಿ ಕಿತ್ತೇ ಬಿಟ್ಟ. ಟಕ್ ಅಂತ ಒಂದು ಸಣ್ಣ ಸದ್ದು ಬಂತು, ಅಷ್ಟೇ. ಪಕ್ಕದ ಪ್ಲಾಸ್ಟಿಕ್ ಡಬ್ಬಕ್ಕೆ ಹಾಕ್ದ. ಕಪ್ಪಾಗಿದೆ, ಪಾಲಿಶ್ ಫ್ರೀ ಅಂತ ಹುಡುಗನ ಕೈಗೆ ಕೊಟ್ಟು ಮಷೀನಿಗೆ ಹಿಡಿಸ್ದ, ಒಳಗೂ ಹೊರಗೂ. ಬದಲಿಗೆ ಒಂದು ಕುಂಕುಮದ ಭರಣಿ ತಗೊಳ್ಳಿ ಅಂದ. ಜೊತೆಗಿದ್ದ ಅಮ್ಮ ಬೇಡ ಅಂದಿದ್ದಕ್ಕೆ ಡಬ್ಬಿ ಆದ್ರೂ ವಾಪಸ್ ಬಂತು, ಹಿತ್ತಾಳೆ ತಾನೆ ಅಂತ ಜಾಲರಿ ಅಲ್ಲೇ ಬಿಟ್ಟು ಬಂದೆ.

ಮೂರು ವಾರ ಆದ್ಮೇಲೆ ನನ್ನ ತಮ್ಮ, ಅಂಗಡಿಗೆ ಹೋಗೋ ಮುಂಚೆ ನಾನು ತೆಗ್ದಿದ್ದ ಫೋಟೋ ದೊಡ್ಡದು ಮಾಡಿ ನೋಡ್ದ. ಮುಚ್ಚಳದ ಒಳಗೆ ಸಾಲಾಗಿ ಸಣ್ಣ ಮುದ್ರೆಗಳು. ನಡೆಯೋ ಸಿಂಹ, ಅಂದ್ರೆ ಇಂಗ್ಲೆಂಡಿನ ಸ್ಟರ್ಲಿಂಗ್, 92.5 ಪರ್ಸೆಂಟ್ ಬೆಳ್ಳಿ, ಅರವತ್ತು ಟಚ್ಚಂತೆ! ಲಂಗರು, ಅಂದ್ರೆ 1773ರಲ್ಲಿ ಶುರುವಾದ ಬರ್ಮಿಂಗ್‌ಹ್ಯಾಮ್ ಅಸ್ಸೇ ಆಫೀಸು, ಬೆಳ್ಳಿ ಪರೀಕ್ಷೆ ಮಾಡಿ ಮುದ್ರೆ ಹೊಡೆಯೋ ಕಚೇರಿ. ಪಕ್ಕದಲ್ಲಿ ರಾಜಂದೋ ರಾಣೀದೋ ತಲೆ, ಅದು ಬೆಳ್ಳಿ ಮೇಲಿನ ಸುಂಕ ಕಟ್ಟಿದ ಗುರುತು, 1784ರಿಂದ 1890ರವರೆಗೆ ಮಾತ್ರ ಹೊಡೀತಿದ್ರು. ವರ್ಷ ಹೇಳೋ ಒಂದು ಅಕ್ಷರಾನೂ ಇತ್ತು, ಫೋಟೋದಲ್ಲಿ ಮಸುಕು. ಮಾಡಿದವರ ಗುರುತು ಎನ್ ಎಂ ಅನ್ನೋ ಹಾಗೆ ಕಾಣುತ್ತೆ, ನಥಾನಿಯಲ್ ಮಿಲ್ಸ್ ಅಂತ ಬರ್ಮಿಂಗ್‌ಹ್ಯಾಮಲ್ಲಿ ಇಂಥ ಡಬ್ಬಿಗಳಿಗೇ ಹೆಸರಾದವರ ಗುರುತು ಅದು. ಖಾತ್ರಿ ಮಾಡ್ಕೊಳ್ಳೋಣ ಅಂದ್ರೆ ಆ ಜಾಗ ಈಗ ಕನ್ನಡಿ ತರ ನುಣ್ಣಗಿದೆ.

ಇದರ ಹೆಸರು ವಿನೆಗ್ರೆಟ್. ಒಂದು ಚೂರು ಸ್ಪಂಜನ್ನ ಸುಗಂಧ ಹಾಕಿದ ವಿನೆಗರಲ್ಲಿ ಅದ್ದಿ ಒಳಗಿಟ್ಟು ಜಾಲರಿ ಮುಚ್ಚೋದು, ಬೀದಿಲಿ ಗಬ್ಬುವಾಸನೆ ಬಂದ್ರೋ ತಲೆ ಸುತ್ತಿದ್ರೋ ಮೂಸೋದು. ವಿನೆಗರ್ ಹುಳಿ ಬೆಳ್ಳೀನ ತಿನ್ಬಾರ್ದು ಅಂತ ಒಳಗಡೆ ಚಿನ್ನದ ನೀರು ಕೊಟ್ಟಿರ್ತಾರೆ. ಅಂದ್ರೆ ಆ "ಹಿತ್ತಾಳೆ" ಚಿನ್ನದ ಲೇಪ ಇರೋ ಬೆಳ್ಳಿ. ನಿಜವಾಗ್ಲೂ ಹಿತ್ತಾಳೆ ಆಗಿದ್ರೆ ಅದೇ ನೈಟ್ರಿಕ್ ಆಸಿಡ್ ಒಂದು ಹನಿ ಬಿದ್ರೆ ಹಸಿರು ನೊರೆ ಬರ್ಬೇಕು, ಅವನು ಜಾಲರಿ ಮೇಲೆ ಹನೀನೇ ಬಿಡ್ಲಿಲ್ಲ. ವಾಪಸ್ ಹೋಗಿ ಕೇಳಿದ್ರೆ "ಯಾವ ಜಾಲರಿ ಮೇಡಂ?" ರಸೀದಿ ಇಲ್ಲ, ಏನಂತ ಜಗಳ ಆಡ್ಲಿ.

ಆದ್ರಿಂದ ನಿಮ್ಮನೇಲಿ ಇಂಥದ್ದೇನಾದ್ರೂ ಇದ್ರೆ ಸಬೀನಾ, ಹುಣಸೆಹಣ್ಣು, ಟೂತ್‌ಪೇಸ್ಟ್ ಏನೂ ಹಚ್ಬೇಡಿ, ಕಪ್ಪಗಿದ್ರೆ ಕಪ್ಪಗಿರ್ಲಿ. ಮೊಬೈಲ್ ಟಾರ್ಚನ್ನ ಓರೆಯಾಗಿ ಹಿಡಿದು ತಳ, ಮುಚ್ಚಳದ ಒಳಭಾಗ, ಕೀಲಿನ ಪಕ್ಕ ಎಲ್ಲಾ ಫೋಟೋ ತೆಗೀರಿ, ಮುದ್ರೆ ಮಸುಕಾಗಿದ್ರೆ ಬಾಯಿಂದ ಹಾ ಅಂತ ಆವಿ ಊದಿ, ಒಂದು ಕ್ಷಣ ಎದ್ದು ಕಾಣುತ್ತೆ. ಇ ಪಿ ಎನ್ ಎಸ್ ಅಂತಿದ್ರೆ ಅದು ಬೆಳ್ಳಿ ನೀರು ಕೊಟ್ಟ ಲೋಹ ಅಷ್ಟೇ, ಆಸೆ ಬಿಡಿ. ಬೆಳ್ಳಿ ಎಷ್ಟಿದೆ ಅಂತ ಗೊತ್ತಾಗ್ಬೇಕಂದ್ರೆ ಎಕ್ಸ್‌ಆರ್‌ಎಫ್ ಅಂತ ಎಕ್ಸ್‌ರೇ ಬಿಟ್ಟು ಲೋಹ ಅಳೆಯೋ ಮಷೀನ್ ಇರೋ ಹಾಲ್‌ಮಾರ್ಕಿಂಗ್ ಸೆಂಟರಿಗೆ ಹೋಗಿ, ಉಜ್ಜೋದೂ ಇಲ್ಲ ಆಸಿಡ್ಡೂ ಇಲ್ಲ, ಆದ್ರೆ ಅದು ನೋಡೋದು ಮೇಲ್ಮೈ ಮಾತ್ರ, ಲೇಪ ಇರೋ ಕಡೆ ಹಿಡಿದ್ರೆ ಲೆಕ್ಕ ತಪ್ಪುತ್ತೆ.

ಇನ್ನೊಂದು. ಲಂಡನ್ನಲ್ಲಿರೋ ಮಗಳ ಕೈಲಿ ಕಳ್ಸಿ ಹರಾಜಿಗೆ ಹಾಕಿಸ್ತೀನಿ ಅಂತ ಒಬ್ರು ಮುಂದೆ ಬಂದ್ರು. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಐತಿಹಾಸಿಕ ಮಹತ್ವದ ವಸ್ತುನ ನಾವು ನೀವು ಹೊರದೇಶಕ್ಕೆ ಕಳಿಸೋ ಹಾಗಿಲ್ಲ. ಅನುಮಾನ ಇದ್ರೆ ಕೋರಮಂಗಲದ ಕೇಂದ್ರೀಯ ಸದನದಲ್ಲಿ ಪುರಾತತ್ವ ಸರ್ವೇಕ್ಷಣ ಇಲಾಖೆ ಕಚೇರಿ ಇದೆ, ಅಲ್ಲಿ ಕೇಳಿ, ಸೂಟ್‌ಕೇಸಲ್ಲಿ ಮಾತ್ರ ಹಾಕ್ಬೇಡಿ.

ಡಬ್ಬಿ ಈಗ ನನ್ನ ಹತ್ರಾನೇ ಇದೆ. ಅಮ್ಮ ಮತ್ತೆ ಪಚ್ಚಕರ್ಪೂರ ಹಾಕಿಟ್ಟಿದಾರೆ. ತಡೆಯೋಕೆ ಜಾಲರಿ ಇಲ್ಲ, ಮುಚ್ಚಳ ತೆಗೆದಾಗೆಲ್ಲ ಚೂರು ಮಡಿಲಿಗೆ ಉದುರುತ್ತೆ.