ಕರೆಂಟ್ ಉಳಿಸೋದು ಕಲಿಸುವ ಕಿಟ್: ಒಂದೂವರೆ ವರ್ಷ ಬಳಸಿದ ಮೇಲೆ

ಮಗಳ ಶಾಲೆಯ ಎನರ್ಜಿ ಕ್ಲಬ್‌ನಲ್ಲಿ ಕೊಟ್ಟ ಕಿಟ್ ಇದು. ಒಂದು ಸಣ್ಣ ಕನ್ನಡ ಪುಸ್ತಕ, ಗೋಡೆಗೆ ಅಂಟಿಸೋಕೆ ಒಂದು ಚಾರ್ಟು, ಮೀಟರ್ ರೀಡಿಂಗ್ ಬರೆಯೋಕೆ ಖಾಲಿ ಹಾಳೆಗಳು, ಅಷ್ಟೇ. ನಮ್ಮದು ದಾವಣಗೆರೆ, ಮನೆಯಲ್ಲಿ ಐದು ಜನ.

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಬಂಗಾರದಂಥದ್ದು ಆ ಖಾಲಿ ಹಾಳೆಗಳೇ. ದಿನಾ ಬೆಳಿಗ್ಗೆ ಮಗಳು ಮೀಟರ್ ನೋಡಿ ಬರೆಯುತ್ತಾಳೆ, ನೆಂಟರು ಬಂದ ದಿನ ಎಷ್ಟು ಏರಿತು, ಊರಿಗೆ ಹೋಗಿದ್ದಾಗ ಎಷ್ಟು ಇಳಿಯಿತು ಎಲ್ಲಾ ಪಕ್ಕದಲ್ಲೇ ಗುರುತು ಹಾಕುತ್ತಾಳೆ.

ಇನ್ನೊಂದು, ಮೀಟರಿನ ಕೆಂಪು ದೀಪ ಎಣಿಸುವ ಪ್ರಯೋಗ. ನಮ್ಮ ಮೀಟರಿನಲ್ಲಿ ಅದು 3200 ಸಲ ಮಿನುಗಿದರೆ ಒಂದು ಯೂನಿಟ್. ಈ ಸಂಖ್ಯೆ ಮೀಟರಿನ ಮೇಲೇ ಬರೆದಿರುತ್ತದೆ, ನಿಮ್ಮದರಲ್ಲಿ ಬೇರೆ ಇರಬಹುದು. ಎಲ್ಲಾ ಆಫ್ ಮಾಡಿ 75 ವ್ಯಾಟಿನ ಹಳೇ ಫ್ಯಾನ್ ಒಂದನ್ನೇ ಹಾಕಿದೆವು, ನಿಮಿಷಕ್ಕೆ ನಾಲ್ಕು ಸಲ. 2000 ವ್ಯಾಟಿನ ಗೀಸರ್ ಹಾಕಿದರೆ ನೂರು ದಾಟಿತು! ಗೀಸರ್ ಅರ್ಧ ಗಂಟೆ ಓಡಿದರೆ ಒಂದು ಯೂನಿಟ್ ಹೋಯಿತು ಅನ್ನೋದು ಅವತ್ತು ಎಲ್ಲರ ತಲೆಗೂ ಹೊಕ್ಕಿತು. ಈಗ ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸಿ ಗೀಸರ್ ಆರಿಸುತ್ತೇವೆ, ಯಾರೂ ಹೇಳಬೇಕಾಗಿಲ್ಲ. ಟಿವಿ ಆರಿಸಿದರೂ ಸೆಟ್‌ಟಾಪ್ ಬಾಕ್ಸ್ ಸುಮ್ನೆ ಕರೆಂಟ್ ತಿನ್ನುತ್ತಿರುತ್ತದೆ ಅಂತ ಗೊತ್ತಾಗಿದ್ದೂ ಹೀಗೇ.

"ಗೃಹಜ್ಯೋತಿ ಇದೆಯಲ್ಲ, ಇದೆಲ್ಲ ಯಾಕೆ?" ಅಂತ ನಮ್ಮ ಮನೆಯವರು ಕೇಳಿದ್ದರು. ಆದರೆ ನಮಗೆ ತಿಂಗಳಿಗೆ ಸಿಗುವ ಉಚಿತ ಯೂನಿಟ್ ಅಂದರೆ 2022-23ರಲ್ಲಿ ನಾವು ಬಳಸಿದ್ದರ ತಿಂಗಳ ಸರಾಸರಿ, ಅದರ ಜೊತೆಗೆ ಇನ್ನು ಶೇ. 10, ಅಷ್ಟೇ ಅಲ್ವಾ? ಲೆಕ್ಕ ಹಾಕಿದರೆ ನಮಗೆ 130ರ ಹತ್ತಿರ. ಅದಕ್ಕಿಂತ ಜಾಸ್ತಿ ಆದಷ್ಟಕ್ಕೆ ದುಡ್ಡು ಕಟ್ಟಬೇಕು, 200 ದಾಟಿದರೆ ಇಡೀ ಬಿಲ್ಲು ನಮ್ಮದೇ. ದಿನಾ ಬರೆಯೋದರಿಂದ ಈ ತಿಂಗಳು ಮಿತಿ ದಾಟುತ್ತೇವಾ ಅಂತ ಹದಿನೈದನೇ ದಿನಕ್ಕೇ ಗೊತ್ತಾಗುತ್ತದೆ. ಮೊದಲ ಬೇಸಿಗೆಯಲ್ಲಿ ದಾಟಿದ್ದೆವು. ಆಮೇಲೆ ಎರಡು ಬಿಎಲ್‌ಡಿಸಿ (ಬ್ರಶ್ ಇಲ್ಲದ ಡಿಸಿ ಮೋಟಾರಿನ) ಫ್ಯಾನ್ ಹಾಕಿಸಿದೆವು, ಹಳೇದರ ಅರ್ಧಕ್ಕಿಂತ ಕಡಿಮೆ ಸಾಕು ಅವಕ್ಕೆ, ಈ ಬೇಸಿಗೆಯಲ್ಲಿ ದಾಟಲಿಲ್ಲ. ಪುಸ್ತಕದಲ್ಲಿ ಮಾತ್ರ ಗೃಹಜ್ಯೋತಿಯ ಬಗ್ಗೆ ಒಂದು ಸಾಲೂ ಇಲ್ಲ, ಇಲ್ಲಿನ ಮನೆಗಳಿಗೆ ಮೊದಲು ಬೇಕಾಗಿದ್ದು ಅದೇ.

ಸ್ಟಾರ್ ಲೇಬಲ್ ಪುಟವೂ ಅರ್ಧಂಬರ್ಧ. ಸ್ಟಾರ್ ಜಾಸ್ತಿ ಇರೋದು ತಗೊಳ್ಳಿ ಅಂತಷ್ಟೇ ಬರೆದಿದ್ದಾರೆ. ಸ್ಟಾರ್ ಕೊಡುವ ಅಳತೆಯನ್ನು ಆಗಾಗ ಬಿಗಿ ಮಾಡುತ್ತಾರೆ, ಹಾಗಾಗಿ ಹಳೇ ಸ್ಟಾಕಿನ ಐದು ಸ್ಟಾರ್, ಹೊಸದರ ಐದು ಸ್ಟಾರ್ ಎರಡೂ ಒಂದೇ ಅಲ್ಲ. ಫ್ರಿಜ್ ಕೊಳ್ಳುವಾಗ ಲೇಬಲ್ ಮೇಲಿರುವ ವರ್ಷದ ಯೂನಿಟ್ ಎಷ್ಟು, ಆ ಲೇಬಲ್ ಯಾವ ಅವಧಿಯದು ಅಂತ ನೋಡಿ.

ಇನ್ನು ಭಾಷೆ. ಟ್ಯೂಬ್‌ಲೈಟಿಗೆ 'ಪ್ರತಿದೀಪ್ತ ದೀಪ' ಅಂತ ಬರೆದರೆ ನಮ್ಮತ್ತೆಗೆ ಹೇಗೆ ಅರ್ಥವಾಗಬೇಕು? ನನಗೆ ನಿಜವಾಗಲೂ ಬೇಜಾರಾಗಿದ್ದು ಇದಕ್ಕೆ. ತೊಗರಿಬೇಳೆ ನೆನೆಸಿಟ್ಟು ಬೇಯಿಸಿ, ಪಾತ್ರೆಗೆ ಮುಚ್ಚಳ ಹಾಕಿ ಅನ್ನುವ ಅಡುಗೆಮನೆ ಪುಟವನ್ನು ಓದಿ ಹೇಳಿದಾಗ ಅತ್ತೆ, "ಇದನ್ನು ನಾನು ಮದುವೆಯಾದಾಗಿಂದ ಮಾಡುತ್ತಿದ್ದೀನಿ" ಅಂದರು. ಮನೆಯ ಹಿರಿಯರಿಗೆ ಗೊತ್ತಿರುವುದನ್ನು ಕೇಳಿ ಬರೆಯೋಕೂ ಒಂದು ಪುಟ ಬಿಡಬೇಕಿತ್ತು.

ಐದಕ್ಕೆ ಮೂರೂವರೆ ಕೊಡುತ್ತೇನೆ. ನಿಮ್ಮ ಮಕ್ಕಳು ಇಂಥದ್ದು ತಂದರೆ ಮೀಟರ್ ಹಾಳೆಯನ್ನು ಮೊದಲೇ ಜೆರಾಕ್ಸ್ ಮಾಡಿಸಿಟ್ಟುಕೊಳ್ಳಿ. ನಮ್ಮದು ಆರು ತಿಂಗಳಿಗೇ ಮುಗಿಯಿತು, ಈಗ ಹಳೇ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆಯುತ್ತಿದ್ದೇವೆ.