ಮಂಡಿ ಆಪರೇಷನ್ ಆದಮೇಲೆ ಕುಂಟೆಬಿಲ್ಲೆ: ಆರು ಜಿಗಿತದಲ್ಲಿ ನಿಜ ಹೇಳಿದ್ದು ಯಾವುದು?

ಎಡಮಂಡಿಯ ಎಸಿಎಲ್ (ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಒಂದು ಅಸ್ಥಿರಜ್ಜು) ಆಪರೇಷನ್ ಆಗಿ ಏಳು ತಿಂಗಳಾಗಿತ್ತು. ಜಯನಗರದ ಕ್ಲಿನಿಕ್ಕಿನಲ್ಲಿ ಫಿಸಿಯೊ ನೆಲಕ್ಕೆ ಅಳತೆ ಟೇಪ್ ಅಂಟಿಸುತ್ತಾ, "ಸರ್, ಚಿಕ್ಕವರಿದ್ದಾಗ ಕುಂಟೆಬಿಲ್ಲೆ ಆಡಿದ್ದೀರಲ್ಲ? ಅದೇ ಇದು. ಬಿಲ್ಲೆ ಮಾತ್ರ ಇರಲ್ಲ" ಅಂದರು. ಅಲ್ಲಿಂದಾಚೆಗೆ ಎರಡೂವರೆ ತಿಂಗಳು ಒಂಟಿಕಾಲಲ್ಲಿ ಜಿಗಿದದ್ದೇ ಜಿಗಿದದ್ದು, ಸ್ವಲ್ಪ ಕ್ಲಿನಿಕ್ಕಿನಲ್ಲಿ, ಅವರ ಒಪ್ಪಿಗೆ ಸಿಕ್ಕ ಮೇಲೆ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಪಾರ್ಕಿಂಗಿನಲ್ಲಿ.

ನನಗೆ ಬೇಕಿದ್ದ ಉತ್ತರ ಒಂದೇ: ಮತ್ತೆ ಬ್ಯಾಡ್ಮಿಂಟನ್ ಆಡಬಹುದಾ? ಪ್ರಕಾಶ್ ಪಡುಕೋಣೆ ಊರಿನವರು ನಾವು, ಭಾನುವಾರದ ಡಬಲ್ಸ್ ಬಿಟ್ಟಿರೋದು ಕಷ್ಟ.

ಮೊದಲ ನಾಲ್ಕು ಪರೀಕ್ಷೆ ಹಳೇ ಸೆಟ್ಟು. ಅಮೆರಿಕದ ಮೂಳೆ ಡಾಕ್ಟರ್ ಫ್ರಾಂಕ್ ನಾಯ್ಸ್ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದ್ದು: ಸಿಂಗಲ್ ಹಾಪ್ (ಒಂಟಿಕಾಲಲ್ಲಿ ಒಂದೇ ಜಿಗಿತ), ಟ್ರಿಪಲ್ (ಸತತ ಮೂರು ಜಿಗಿತ), ಕ್ರಾಸ್‌ಓವರ್, ಮತ್ತೆ 6 ಮೀಟರ್ ದೂರವನ್ನು ಕುಂಟಿಕೊಂಡು ಎಷ್ಟು ಬೇಗ ದಾಟುತ್ತೀರಿ ಅನ್ನೋದು. ಲೆಕ್ಕ ಸುಲಭ. ಪೆಟ್ಟಾದ ಕಾಲಿನ ಅಳತೆಯನ್ನು ಒಳ್ಳೇ ಕಾಲಿನದರಿಂದ ಭಾಗಿಸಿ ನೂರರಿಂದ ಗುಣಿಸೋದು. ಆಗ ಶೇ. 85 ಬಂದರೆ ಸರಿ ಅನ್ನುತ್ತಿದ್ದರು, ಈಗ ಸಾಮಾನ್ಯವಾಗಿ 90 ಕೇಳುತ್ತಾರೆ.

ಸಿಂಗಲ್ ಹಾಪ್‌ನಲ್ಲಿ ಬಲಗಾಲು 142 ಸೆಂ.ಮೀ., ಎಡಗಾಲು 126. ಶೇ. 89. ಇನ್ನೆರಡು ಸೆಂಟಿಮೀಟರ್ ಹಾರಿದ್ದರೆ ಪಾಸು! ಖುಷಿಯೋ ಖುಷಿ. ಕೈ ಬೀಸಿಕೊಂಡು ಇನ್ನೊಂದು ಸಲ ಹಾರಿದೆ, 131 ಬಂತು. ಫಿಸಿಯೊ ಅದನ್ನು ಬರೆದುಕೊಳ್ಳಲೇ ಇಲ್ಲ. ಬಲಗಾಲಲ್ಲಿ ಹಾರುವಾಗ ಕೈ ಬೆನ್ನ ಹಿಂದಿತ್ತು, ಎಡಕ್ಕೂ ಹಾಗೇ ಇರಬೇಕು. ಇಳಿದಮೇಲೆ ಎರಡು ಸೆಕೆಂಡ್ ಅಲ್ಲಾಡದೆ ನಿಲ್ಲಬೇಕು, ಇನ್ನೊಂದು ಕಾಲು ನೆಲಕ್ಕೆ ತಾಗಿದರೆ ಲೆಕ್ಕಕ್ಕಿಲ್ಲ.

ಈ ಪರೀಕ್ಷೆ ಮೇಲೆ ನನಗೆ ನಂಬಿಕೆ ಹೋಗಿದ್ದು ಆಮೇಲೆ, ಮೊಬೈಲಿನಲ್ಲಿ ತೆಗೆದ ವಿಡಿಯೊ ನೋಡಿದಾಗ. ಬಲಗಾಲಲ್ಲಿ ಇಳಿಯುವಾಗ ಮಂಡಿ ಚೆನ್ನಾಗಿ ಮಡಚಿ ಭಾರ ನುಂಗುತ್ತಿತ್ತು. ಎಡಗಾಲಲ್ಲಿ ಮಂಡಿ ಕೋಲಿನ ಹಾಗೆ, ಸೊಂಟದಿಂದ ಮುಂದಕ್ಕೆ ಬಾಗಿ ಸಂಭಾಳಿಸುತ್ತಿದ್ದೆ. ಮುಂದಕ್ಕೆ ಹಾರುವಾಗ ನಮ್ಮನ್ನು ತಳ್ಳೋದು ಬಹುಪಾಲು ಸೊಂಟ ಮತ್ತು ಹಿಮ್ಮಡಿ ಗಂಟು, ಮಂಡಿಯ ಪಾಲು ತೀರಾ ಕಮ್ಮಿ. ಟೇಪಿಗೆ ಅದೆಲ್ಲ ಏನು ಗೊತ್ತು, ಅದು ಹೇಳೋದು ದೂರ ಮಾತ್ರ.

ಟ್ರಿಪಲ್ ಇನ್ನೂ ಉದಾರಿ: 438ಕ್ಕೆ 402, ಶೇ. 92. ಕ್ರಾಸ್‌ಓವರ್‌ನಲ್ಲಿ 15 ಸೆಂ.ಮೀ. ಅಗಲದ ಪಟ್ಟಿಯನ್ನು ಆಚೆಗೊಮ್ಮೆ ಈಚೆಗೊಮ್ಮೆ ದಾಟಿಕೊಂಡು ಮೂರು ಸಲ ಹಾರಬೇಕು. ಅಂಕಿ ಶೇ. 89 ಬಂದರೂ ಅಡ್ಡಕ್ಕೆ ಇಳಿಯುವಾಗ ಎದೆ ಢವಢವ. ಆ ಹೆದರಿಕೆ ಯಾವ ಕಾಲಂನಲ್ಲೂ ಬರೆಯಲಿಲ್ಲ.

ಸಮಯದ ಪರೀಕ್ಷೆ ಮನೆಯಲ್ಲಂತೂ ದಂಡ. ಒಳ್ಳೇ ಕಾಲಿಗೆ 2.2 ಸೆಕೆಂಡ್, ಎಡಕ್ಕೆ 2.3 (ಇಲ್ಲಿ ಭಾಗಾಕಾರ ತಿರುಗುಮುರುಗು, ಸಮಯ ಜಾಸ್ತಿ ಆದಷ್ಟೂ ಕೆಟ್ಟದ್ದು ತಾನೆ). ಶೇ. 96 ಬಂತು. ಆದರೆ ಸ್ಟಾಪ್‌ವಾಚ್ ಹಿಡಿದಿದ್ದ ತಮ್ಮನ ಹೆಬ್ಬೆರಳು 0.1 ಸೆಕೆಂಡ್ ತಡವಾದರೆ ಸಾಕು, ನಾಲ್ಕೈದು ಅಂಕ ಅತ್ತಿತ್ತ.

ವರ್ಟಿಕಲ್ ಹಾಪ್ ಅಂದರೆ ನಿಂತಲ್ಲೇ ಮೇಲಕ್ಕೆ ಹಾರೋದು. ಸೆಕೆಂಡಿಗೆ 240 ಫ್ರೇಮಿನ ಸ್ಲೋ ಮೋಷನ್ ವಿಡಿಯೊದಲ್ಲಿ ಕಾಲು ಗಾಳಿಯಲ್ಲಿದ್ದ ಫ್ರೇಮ್ ಎಣಿಸಿದೆ. ಬಲಕ್ಕೆ 95, ಎಡಕ್ಕೆ 81. ಎತ್ತರಕ್ಕೆ ಪರಿವರ್ತಿಸಿದರೆ 19 ಸೆಂ.ಮೀ. ಮತ್ತು 14. ಶೇ. 74! ಮೇಲಕ್ಕೆ ಹಾರುವಾಗ ಮಂಡಿಯೂ ಸರಿಪಾಲು ದುಡಿಯಬೇಕು, ಕಳ್ಳಾಟ ನಡೆಯಲ್ಲ. ಒಂದೇ ಎಚ್ಚರ, ಇಳಿಯುವಾಗ ಮಂಡಿ ಮಡಚಿಕೊಂಡರೆ ಗಾಳಿಯಲ್ಲಿದ್ದ ಹೊತ್ತು ಸುಮ್ಮನೆ ಜಾಸ್ತಿ ತೋರಿಸುತ್ತೆ.

ನನ್ನ ಬಣ್ಣ ಪೂರ್ತಿ ಬಯಲು ಮಾಡಿದ್ದು ಸೈಡ್ ಹಾಪ್. 40 ಸೆಂ.ಮೀ. ದೂರದಲ್ಲಿ ಎರಡು ಗೆರೆ, 30 ಸೆಕೆಂಡ್, ಕೈ ಬೆನ್ನ ಹಿಂದೆ, ಗೆರೆ ತುಳಿಯದ ಹಾಗೆ ಅತ್ತಿಂದಿತ್ತ ಹಾರುತ್ತಲೇ ಇರಬೇಕು. ಬಲಗಾಲಲ್ಲಿ 41. ಎಡಗಾಲಲ್ಲಿ ಮೊದಲ ಹದಿನೈದು ಸೆಕೆಂಡ್ ಸಲೀಸು. ಆಮೇಲೆ ತೊಡೆ ಸೀಸದ ಹಾಗೆ ಭಾರ, ಗೆರೆ ತುಳಿದೆ, ಮತ್ತೆ ತುಳಿದೆ, ಒಮ್ಮೆ ಪಿಲ್ಲರ್ ಹಿಡಿದುಕೊಂಡೆ. 26ಕ್ಕೆ ನಿಂತಿತು. ಶೇ. 63. ಅದೇ ವಾರ, ಅದೇ ಮಂಡಿ, ಟ್ರಿಪಲ್ ಹಾಪ್ 92 ಅಂದಿತ್ತು. ಡಬಲ್ಸ್‌ನಲ್ಲಿ ಮಂಡಿ ಕೈಕೊಡೋದು ಮೊದಲ ಪಾಯಿಂಟಿನಲ್ಲಲ್ಲ, ಸುಸ್ತಾದ ಮೂರನೇ ಗೇಮಿನಲ್ಲಿ, ಅಡ್ಡಕ್ಕೆ ಚಾಚಿದಾಗ. ನನ್ನ ಆಟಕ್ಕೆ ಹತ್ತಿರದ ಪರೀಕ್ಷೆ ಇದೇ.

ಇನ್ನೊಂದು ವಿಷಯ ಯಾರೂ ಮೊದಲೇ ಹೇಳಿರಲಿಲ್ಲ, ಹಳೇ ಫೈಲು ತಿರುವುವಾಗ ಸಿಕ್ಕಿತು. ಆಪರೇಷನ್‌ಗೆ ಮುಂಚೆ ಬೇರೆ ಕಡೆ ಬಲಗಾಲಿನ ಸಿಂಗಲ್ ಹಾಪ್ ಅಳೆದಿದ್ದರು, ಅದೂ ಕೈ ಬೆನ್ನ ಹಿಂದೆ ಕಟ್ಟಿಸಿಯೇ: 158. ಏಳು ತಿಂಗಳು ಸೋಫಾ ಮೇಲೆ ಕೂತು ಒಳ್ಳೇ ಕಾಲೂ ಬಡವಾಗಿ 142ಕ್ಕೆ ಇಳಿದಿತ್ತು. ಹಳೇ 158ಕ್ಕೆ ಹೋಲಿಸಿದರೆ ನನ್ನ ಎಡಗಾಲು ಶೇ. 80 ಅಷ್ಟೇ. ಎರಡೂ ಕಾಲು ಜೊತೆಜೊತೆಗೆ ಕೆಟ್ಟರೂ ಶೇಕಡಾ ಚೆನ್ನಾಗೇ ಕಾಣುತ್ತೆ. ಆಪರೇಷನ್‌ಗೆ ಡೇಟ್ ತಗೊಂಡವರು ಇದ್ದರೆ, ಒಳ್ಳೇ ಕಾಲಿನ ಅಳತೆ ಈಗಲೇ ಬರೆಸಿಟ್ಟುಕೊಳ್ಳಿ. (ಪೆಟ್ಟಾದ ಕಾಲಲ್ಲಿ ಮಾತ್ರ ಬಾವು ಇಳಿದು, ತೊಡೆಗೆ ಬಲ ಬಂದು, ಡಾಕ್ಟರ್ ಹೂಂ ಅನ್ನೋ ತನಕ ಹಾರಲೇಬೇಡಿ.)

ಈಗ ಮನೆಯಲ್ಲಿ ಎರಡನ್ನೇ ಇಟ್ಟುಕೊಂಡಿದ್ದೇನೆ, ಸೈಡ್ ಮತ್ತು ವರ್ಟಿಕಲ್. ಸಿಂಗಲ್ ಹಾಪ್ ಮಾಡಿದರೂ ಟೇಪಿಗಿಂತ ಹೆಚ್ಚಾಗಿ ವಿಡಿಯೊ ನೋಡುತ್ತೇನೆ. ಒಂಬತ್ತೂವರೆ ತಿಂಗಳಿಗೆ ಸೈಡ್ ಹಾಪ್ 43ಕ್ಕೆ 37 ಬಂತು, ಶೇ. 86. ಫಿಸಿಯೊಗೆ ವಾಟ್ಸ್ಯಾಪ್ ಮಾಡಿದೆ. "ಶ್ಯಾಡೋ ಪ್ರಾಕ್ಟೀಸ್ (ಶಟಲ್ ಇಲ್ಲದೆ ಬರೀ ಹೆಜ್ಜೆ, ಬೀಸು) ಓಕೆ ಸರ್, ಮ್ಯಾಚ್ ಬೇಡ. ನಾಲ್ಕು ವಾರ ಬಿಟ್ಟು ಮತ್ತೆ ಎಣಿಸಿ" ಅಂತ ಉತ್ತರ ಬಂತು.